ಎಮ್ಮೆ ಬೆದೆಗೆ ಬರ್ತಿಲ್ಲ. ಕೆಚ್ಚಲು ಬಾವಿಗೂ ಇದಕ್ಕೂ ಸಂಬಂಧ ಇದೆಯಾ?

ಘಟಪ್ರಭಾ ದಂಡೆ (ಮುಧೋಳ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಇವೆ. ಅದರಲ್ಲಿ ಒಂದು ಮುರ್ರಾ, ಮೂರನೇ ಸೂಲಿನದು. ಹೊತ್ತಿಗೆ ಆರು ಲೀಟರ್ ತಪ್ಪದೆ ಕೊಡುವ ಎಮ್ಮೆ. ಈಗ ತಲೆನೋವು ಅದರದ್ದೇ.

ಗಣೇಶ ಚೌತಿ ಮುಗಿದ ವಾರ ಈದಿತು. ಕರು ಚೆನ್ನಾಗಿದೆ. ಆದರೆ ಮಾಸು ಬೀಳಲಿಲ್ಲ. ಮರುದಿನ ಊರಲ್ಲಿ ಈ ಕೆಲಸ ಮಾಡುವ ಒಬ್ಬರು ಬಂದು ಕೈ ಹಾಕಿ ಕಿತ್ತು ತೆಗೆದರು. ಆಮೇಲೆ ವಾರಕ್ಕೂ ಜಾಸ್ತಿ ದಿನ ಕಂದು ಬಣ್ಣದ ನೀರು ಹೋಗುತ್ತಿತ್ತು. ಕೊಟ್ಟಿಗೆಗೆ ಕಾಲಿಡಲು ಆಗದಂಥ ವಾಸನೆ. ಮೇವೂ ಬಿಟ್ಟಿತ್ತು. ಇಂಜೆಕ್ಷನ್ ಮಾಡಿಸಿದ ಮೇಲೆ ಸುಧಾರಿಸಿತು. ದೀಪಾವಳಿ ಹೊತ್ತಿಗೆ ಹಿಂದಿನ ಎಡ ಮೊಲೆಗೆ ಬಾವು ಬಂತು. ಹಾಲು ನೀರು ನೀರು, ಹಳದಿ ಬಣ್ಣ, ಮೈ ಸುಡುತ್ತಿತ್ತು. ಅದೂ ವಾಸಿಯಾಯಿತು. ಆದರೆ ಆ ಮೊಲೆಯಲ್ಲಿ ಹಾಲು ಈಗಲೂ ಕಡಿಮೆ.

ಈಗ ಸಂಕ್ರಮಣವೂ ಬಂತು. ಎಮ್ಮೆ ಇನ್ನೂ ಸರಿಯಾಗಿ ಬೆದೆಗೆ ಬಂದಿಲ್ಲ. ನಡುವೆ ಹಾರ್ಮೋನ್ ಇಂಜೆಕ್ಷನ್ ಕೊಡಿಸಿದೆವು. ಸ್ವಲ್ಪ ಲೋಳೆ ಕಾಣಿಸಿತು, ಸೆಮೆನ್ ಹಾಕಿಸಿದೆವು, ಗಬ್ಬ ನಿಲ್ಲಲಿಲ್ಲ. ಪಕ್ಕದ ಹೊಲದವರು ‘ಕ್ರಿಮಿಯ ವಿಷ ರಕ್ತಕ್ಕೆ ಇಳಿದು ಹಾರ್ಮೋನ್ ಕೆಡಿಸ್ತದೆ, ಅದಕ್ಕೇ ಹೀಗೆ’ ಅಂತಾರೆ. ಕೆಚ್ಚಲು ಎಲ್ಲಿ, ಅಂಡಾಶಯ ಎಲ್ಲಿ? ಇದು ನಿಜವೋ, ಸುಮ್ನೆ ಹೇಳುವ ಮಾತೋ? ತಿಳಿದವರು ಹೇಳಿ.

ಮೇವಿನ ವಿಷಯ ಕೇಳುತ್ತೀರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಈಗ ಕಬ್ಬಿನ ಸೀಜನ್, ಹಾಗಾಗಿ ಸೋಗೆಯೇ ಜಾಸ್ತಿ. ಹಾಲು ಇಳಿಯಬಾರದು ಅಂತ ಗೋವಿನಜೋಳದ ಹಿಟ್ಟು ಚೆನ್ನಾಗಿಯೇ ಹಾಕುತ್ತಿದ್ದೇವೆ.

ಮುರ್ರಾ ಮನೆ (ಚಿಕ್ಕೋಡಿ)

ಅಣ್ಣಾ, ನಮ್ಮಲ್ಲಿ ಮೂಲಂಗಿ, ಲೋಳೆಸರ, ನುಗ್ಗೆ ಸೊಪ್ಪು, ಕರಿಬೇವು ಬೆಲ್ಲದ ಜೊತೆ ಕೆಲವು ದಿನ ತಿನ್ನಿಸುತ್ತಾರೆ. ಮೊಳಕೆ ಕಾಳೂ ಕೊಡುತ್ತಾರೆ. ಜೊತೆಗೆ ಖನಿಜ ಮಿಶ್ರಣ ತಪ್ಪಿಸಬೇಡಿ. ನಮ್ಮ ಒಂದು ಪಡ್ಡೆ ಹಾಗೇ ಬೆದೆಗೆ ಬಂತು. ಆದರೆ ನಿಮ್ಮದು ಪಡ್ಡೆ ಅಲ್ಲ, ಒಳಗೆ ಕೀವು ಉಳಿದಿದ್ದರೆ ಇದರಿಂದ ಏನೂ ಆಗಲ್ಲ. ಒಮ್ಮೆ ಒಳಗೆ ಕೈ ಹಾಕಿ ನೋಡಿಸಿ.

ನಿವೃತ್ತ ದನದ ಡಾಕ್ಟರ್ (ಅಥಣಿ)

ಪಕ್ಕದ ಹೊಲದವರು ಹೇಳಿದ್ದು ನಿಜ. ಅವರಿಗೆ ನನ್ನ ಕಡೆಯಿಂದ ಒಂದು ಚಹಾ ಕುಡಿಸಿ.

ಅಥಣಿ, ಜಮಖಂಡಿ, ಇಂಡಿ ಕಡೆ ಕೆಲಸ ಮಾಡಿದವನು ನಾನು. ಎಮ್ಮೆ ಬೆದೆಗೆ ಬರ್ತಿಲ್ಲ ಅಂತ ಬಂದವರಿಗೆ ಮೊದಲು ಅಂಡಾಶಯದ ಮಾತೇ ಎತ್ತುತ್ತಿರಲಿಲ್ಲ. ಮಾಸು ಹೇಗೆ ಬಿತ್ತು, ಕೆಚ್ಚಲಲ್ಲಿ ಗಡ್ಡೆ ಇದೆಯಾ, ಸಗಣಿ ಹೇಗಿದೆ, ಕುಂಟುತ್ತಾ ಅಂತ ಕೇಳುತ್ತಿದ್ದೆ. ಜನಕ್ಕೆ ಸಿಟ್ಟು ಬರುತ್ತಿತ್ತು. ‘ಸಾಹೇಬ್ರ, ನಾವು ಹಿಂದಿನ ಸುದ್ದಿ ತಂದ್ರ ನೀವು ಬಾಯಿ ಸುದ್ದಿ ಕೇಳ್ತೀರಲ್ಲ’ ಅಂತ ಒಬ್ಬರು ಮುಖಕ್ಕೇ ಅಂದಿದ್ದರು. ಆದರೆ ಎಷ್ಟೋ ಸಲ ಕಾರಣ ಸಿಗುವುದು ಅಲ್ಲೇ.

ಈಗ ನಿಮ್ಮ ಎಮ್ಮೆಗೆ ಬನ್ನಿ. ಮೈ ಸುಡುವ ಜ್ವರ, ನೀರು ನೀರು ಹಳದಿ ಹಾಲು ಅಂದಿರಿ. ಇದು ಸಾಮಾನ್ಯವಾಗಿ ಇ-ಕೋಲೈ ಥರದ ಕ್ರಿಮಿಯ ಲಕ್ಷಣ. ಸಗಣಿಯಲ್ಲಿ ಬೇಕಾದಷ್ಟು ಇರುತ್ತದೆ. ಈ ಜಾತಿ ಕ್ರಿಮಿಗಳ ಹೊರಪದರದಲ್ಲಿ ಲಿಪೊಪಾಲಿಸ್ಯಾಕರೈಡ್ ಅನ್ನುವ ವಸ್ತು ಇದೆ. ಇದನ್ನೇ ಎಂಡೋಟಾಕ್ಸಿನ್ ಅನ್ನುತ್ತಾರೆ. ಕ್ರಿಮಿ ಬದುಕಿದ್ದಾಗ ಇದು ಹೊರಗೆ ಬರುವುದು ಕಡಿಮೆ. ಸತ್ತು ಒಡೆದಾಗ ಜಾಸ್ತಿ ಬರುತ್ತದೆ. ರಿಚರ್ಡ್ ಫೈಫರ್ ಅನ್ನುವ ಜರ್ಮನ್ ವಿಜ್ಞಾನಿ 1892ರಲ್ಲಿ ಕಾಲರಾ ಕ್ರಿಮಿಯ ಮೇಲೆ ಕೆಲಸ ಮಾಡುವಾಗ ಇದನ್ನು ಕಂಡುಕೊಂಡರು. ಕಾಯಿಸಿ ಕೊಂದ ಕ್ರಿಮಿಗಳನ್ನು ಚುಚ್ಚಿದರೂ ಗಿನಿಯಿಲಿಗಳು ಸಾಯುತ್ತಿದ್ದವು. ಅಂದರೆ ಆ್ಯಂಟಿಬಯಾಟಿಕ್ ಕೊಟ್ಟು ಕ್ರಿಮಿ ಸತ್ತಿತು ಅಂದ ಮಾತ್ರಕ್ಕೆ ವಿಷದ ಕಥೆ ಮುಗಿಯುವುದಿಲ್ಲ.

ಈ ವಿಷ ರಕ್ತಕ್ಕೆ ಸೇರಿದರೆ ಮೈಯ ಕಾವಲು ಜೀವಕೋಶಗಳು ಟಿಎಲ್‌ಆರ್-4 ಅನ್ನುವ ಗ್ರಾಹಕದಿಂದ ಅದನ್ನು ಗುರುತಿಸುತ್ತವೆ. ಆಮೇಲೆ ಸೈಟೊಕೈನ್ ಅನ್ನುವ ಸಂದೇಶ ವಸ್ತುಗಳನ್ನು ಸುರಿಯುತ್ತವೆ. ಟಿಎನ್‌ಎಫ್, ಇಂಟರ್‌ಲ್ಯುಕಿನ್-1, ಇಂಟರ್‌ಲ್ಯುಕಿನ್-6 ಇವೆಲ್ಲ ಅವೇ. ಜ್ವರ ಬರಿಸುವುದೂ ಮೇವು ಬಿಡಿಸುವುದೂ ಇವೇ. ಊತ, ನೋವು, ಕೆಂಪು ಎಲ್ಲ ಸೇರಿ ನಾವು ಉರಿಯೂತ ಅನ್ನುತ್ತೇವೆ. ಅದು ಮೈಯ ರಕ್ಷಣೆಯೇ. ಆದರೆ ಅದು ನಡೆಯುತ್ತಿರುವಾಗ ಮೈಗೆ ಸಂತಾನದ ಚಿಂತೆ ಇರುವುದಿಲ್ಲ.

ಮೊದಲ ಏಟು ಬೀಳುವುದು ಮೆದುಳಿಗೆ. ಮೆದುಳಿನ ಬುಡದ ಹೈಪೊಥಲಾಮಸ್‌ನಿಂದ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನ್ ಮಿಡಿತ ಮಿಡಿತವಾಗಿ ಬರಬೇಕು. ಅದನ್ನು ನೋಡಿ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಇನ್ನೊಂದು ಹಾರ್ಮೋನ್ ಬಿಡಬೇಕು. ಬೆದೆಗೆ ಮುಂಚೆ ಎಲ್‌ಎಚ್ ಸುಮಾರು ಗಂಟೆಗೊಂದು ಸಲ ಮಿಡಿಯುತ್ತದೆ. ಆಗಲೇ ಅಂಡದ ಗುಳ್ಳೆ ಬಲಿಯುವುದು. ಎಂಡೋಟಾಕ್ಸಿನ್ ಇದ್ದಾಗ ಈ ಮಿಡಿತ ವಿರಳವಾಗುತ್ತದೆ. ಕುರಿಗಳಿಗೆ ಈ ವಿಷವನ್ನು ಸ್ವಲ್ಪ ಸ್ವಲ್ಪ ಕೊಟ್ಟು ನೋಡಿದ್ದಾರೆ. ಕೊನೆಗೆ ಅಂಡ ಬಿಡಿಸುವ ಎಲ್‌ಎಚ್‌ನ ದೊಡ್ಡ ಏರಿಕೆ ತಡವಾಯಿತು, ಕೆಲವಕ್ಕೆ ಬರಲೇ ಇಲ್ಲ. ಇದರ ಜೊತೆ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಏರುತ್ತದೆ. ಅದೂ ಎಲ್‌ಎಚ್‌ಗೆ ಅಡ್ಡ ನಿಲ್ಲುತ್ತದೆ.

ಎರಡನೇ ಏಟು ನೇರ ಅಂಡಾಶಯಕ್ಕೆ. ‘ಕೆಚ್ಚಲು ಎಲ್ಲಿ, ಅಂಡಾಶಯ ಎಲ್ಲಿ’ ಅಂದಿರಲ್ಲ, ರೋಗ ಬಂದ ಹಸುಗಳ ಅಂಡದ ಗುಳ್ಳೆಯೊಳಗಿನ ನೀರಿನಲ್ಲೇ ಈ ವಿಷ ಸಿಕ್ಕಿದೆ. ಗುಳ್ಳೆಯ ಒಳಗೋಡೆಯ ಗ್ರಾನ್ಯುಲೋಸಾ ಜೀವಕೋಶಗಳಲ್ಲೂ ಆ ಟಿಎಲ್‌ಆರ್-4 ಗ್ರಾಹಕ ಇದೆ. ಈಸ್ಟ್ರೊಜನ್ ಅಂದರೆ ಈಸ್ಟ್ರಡಿಯೋಲ್ ತಯಾರಾಗುವುದು ಅಲ್ಲೇ. ಅದಕ್ಕೆ ಅರೊಮಟೇಸ್ ಅನ್ನುವ ಕಿಣ್ವ ಬೇಕು. ವಿಷ ತಾಕಿದಾಗ ಈ ಕಿಣ್ವ ಕಡಿಮೆಯಾಗುತ್ತದೆ, ಈಸ್ಟ್ರಡಿಯೋಲ್ ಇಳಿಯುತ್ತದೆ.

ಈಸ್ಟ್ರಡಿಯೋಲ್ ಇಳಿದರೆ ಏನಾಗುತ್ತದೆ? ಎಮ್ಮೆ ಕೂಗುವುದಿಲ್ಲ. ಲೋಳೆ ಹಾಕುವುದಿಲ್ಲ, ಹಾಕಿದರೂ ಸ್ವಲ್ಪ. ಎಲ್‌ಎಚ್‌ನ ದೊಡ್ಡ ಏರಿಕೆಯನ್ನು ಎಬ್ಬಿಸುವುದೂ ಈಸ್ಟ್ರಡಿಯೋಲೇ. ಅದಿಲ್ಲದಿದ್ದರೆ ಅಂಡ ಹೊರಬರುವುದು ತಡವಾಗುತ್ತದೆ. ಅಥವಾ ಗುಳ್ಳೆ ಒಡೆಯದೆ ಹಾಗೇ ಉಳಿಯುತ್ತದೆ. ನೀವು ಲೋಳೆ ನೋಡಿ ಸೆಮೆನ್ ಹಾಕಿಸಿದಿರಿ. ಅಂಡ ಬಂದಿದ್ದು ಎರಡು ದಿನ ಬಿಟ್ಟು ಅಂತ ಇಟ್ಟುಕೊಳ್ಳಿ. ವೀರ್ಯಾಣು ಅಷ್ಟು ಹೊತ್ತು ಕಾಯುತ್ತಾ? ಅದರ ಮೇಲೆ ಇದು ಎಮ್ಮೆ. ಆರೋಗ್ಯವಾಗಿದ್ದಾಗಲೇ ಅದರ ಬೆದೆ ಮೌನ, ಅದೂ ರಾತ್ರಿ ಹೊತ್ತು ಜಾಸ್ತಿ. ಆಕಳಿನ ಹಾಗೆ ಒಂದರ ಮೇಲೊಂದು ಹತ್ತಿ ನಿಮಗೆ ತೋರಿಸುವುದಿಲ್ಲ.

ಗರ್ಭಕೋಶದ ಕಥೆ ಬೇರೆ, ಅದನ್ನು ಬೇರೆಯಾಗಿಯೇ ಹೇಳಬೇಕು. ಈದ ಮೇಲೆ ಅಲ್ಲಿಗೆ ಮೊದಲು ಇ-ಕೋಲೈ ನುಗ್ಗುತ್ತದೆ. ಅದರ ಹಿಂದೆ ಟ್ರುಯೆಪರೆಲ್ಲಾ ಪಯೋಜೆನಿಸ್ ಅನ್ನುವ ಕೀವಿನ ಕ್ರಿಮಿ ಬರುತ್ತದೆ. ಇದರ ವಿಷ ಬೇರೆ ಜಾತಿಯದು, ಹೆಸರು ಪಯೋಲೈಸಿನ್. ಅದೊಂದು ಪ್ರೋಟೀನು. ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟ್ರಾಲ್‌ಗೆ ಅಂಟಿ ತೂತು ಕೊರೆಯುತ್ತದೆ. ಗರ್ಭಕೋಶದ ಒಳಪದರ ಗಟ್ಟಿಯಿದ್ದರೆ ಸ್ವಲ್ಪ ತಡೆದುಕೊಳ್ಳುತ್ತದೆ. ಮಾಸು ಕಿತ್ತಾಗ ಆ ಪದರವೇ ಹರಿದಿರುತ್ತದೆ, ಆಗ ವಿಷ ಸಿಗುವುದು ಕೆಳಗಿನ ಮೆತ್ತನೆಯ ಜೀವಕೋಶಗಳಿಗೆ. ಕೈ ಹಾಕಿ ಎಳೆಯಬೇಡಿ ಅಂತ ನಾವು ಬಡಕೊಳ್ಳುವುದು ಇದಕ್ಕೇ.

ಇನ್ನು ಪ್ರೊಸ್ಟಾಗ್ಲಾಂಡಿನ್. ಹಸು ಗಬ್ಬ ಆಗದಿದ್ದರೆ ಚಕ್ರದ 16-17ನೇ ದಿನದ ಹೊತ್ತಿಗೆ ಗರ್ಭಕೋಶವೇ ಎಫ್-2-ಆಲ್ಫಾ ಅನ್ನುವ ಪ್ರೊಸ್ಟಾಗ್ಲಾಂಡಿನ್ ಬಿಡುತ್ತದೆ. ಅಂಡಾಶಯದ ಮೇಲಿನ ಹಳದಿ ಗಂಟು ಅದರಿಂದ ಕರಗುತ್ತದೆ, ಆ ಗಂಟು ಬಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿಯುತ್ತದೆ, ಮುಂದಿನ ಬೆದೆ ಬರುತ್ತದೆ. ಒಳಗೆ ಸೋಂಕು ಕೂತಾಗ ಗರ್ಭಕೋಶದಲ್ಲಿ ಎಫ್ ಬದಲು ಇ-2 ಅನ್ನುವ ಇನ್ನೊಂದು ಪ್ರೊಸ್ಟಾಗ್ಲಾಂಡಿನ್ ಜಾಸ್ತಿಯಾಗುತ್ತದೆ. ಅದು ಗಂಟನ್ನು ಕರಗಿಸುವುದಿಲ್ಲ, ಕಾಪಾಡುತ್ತದೆ. ಗಂಟು ಇರುವ ತನಕ ಪ್ರೊಜೆಸ್ಟರಾನ್ ಇರುತ್ತದೆ. ಪ್ರೊಜೆಸ್ಟರಾನ್ ಇರುವ ತನಕ ಗರ್ಭಕೋಶದ ಬಾಯಿ ಬಿಗಿ, ಒಳಗಿನ ಕೀವು ಒಳಗೇ. ತಿಂಗಳುಗಟ್ಟಲೆ ಬೆದೆ ಇಲ್ಲ. ಮಾಲೀಕ ‘ಗಬ್ಬ ಆಗಿದೆ’ ಅಂತ ಖುಷಿಯಲ್ಲಿರುತ್ತಾನೆ. ಹಾಗೆ ಖುಷಿಯಲ್ಲಿದ್ದವರ ಕೊಟ್ಟಿಗೆಯಲ್ಲಿ ತೋಳುದ್ದ ಪ್ಲಾಸ್ಟಿಕ್ ಗವಸು ಹಾಕಿ ನೋಡಿದರೆ ಗರ್ಭಕೋಶ ಹಿಟ್ಟಿನ ಚೀಲದ ಹಾಗೆ ಭಾರ. ಕರು ಇದ್ದರೆ ಸಿಗಬೇಕಾದ, ಅಂಗಿ ಗುಂಡಿಯಂಥ ಮಾಸಿನ ಉಬ್ಬುಗಳು ಕೈಗೆ ಸಿಗುವುದಿಲ್ಲ. ಹೊರಗೆ ಬಾಲದ ಒಳಬದಿ ನೋಡಿದರೆ ಕೂದಲಿಗೆ ಒಣಗಿದ ಕೀವು ಹಕ್ಕಳೆ ಕಟ್ಟಿರುತ್ತದೆ. ಇವತ್ತು ಸಂಜೆ ನೀವೂ ಬಾಲ ಎತ್ತಿ ನೋಡಿ.

ಕೊನೆಯ ಮಾತು ಒಂದಿದೆ, ಇದು ಯಾರಿಗೂ ಇಷ್ಟ ಆಗಲ್ಲ. ಅಂಡದ ಗುಳ್ಳೆ ಸಣ್ಣ ಹಂತದಿಂದ ಬಲಿತು ಒಡೆಯಲು ತಿಂಗಳುಗಳೇ ಬೇಕು. ಜ್ವರ ಬಂದ ದಿನ ಬೆಳೆಯುತ್ತಿದ್ದ ಗುಳ್ಳೆ ಎರಡು ಮೂರು ತಿಂಗಳ ನಂತರ ಸರದಿಗೆ ಬರುತ್ತದೆ. ಅಷ್ಟೊತ್ತಿಗೆ ಎಮ್ಮೆ ಮೇಯುತ್ತಿರುತ್ತದೆ, ಹಾಲು ಕೊಡುತ್ತಿರುತ್ತದೆ, ರೋಗ ಮರೆತೇ ಹೋಗಿರುತ್ತದೆ. ಗಬ್ಬ ಮಾತ್ರ ನಿಲ್ಲುವುದಿಲ್ಲ. ನಿಮ್ಮ ದೀಪಾವಳಿಯ ಬಾವಿಗೂ ಸಂಕ್ರಮಣದ ಬರಿ ಹೊಟ್ಟೆಗೂ ನಂಟು ಇರಬಹುದಾದದ್ದು ಹೀಗೆ.

ಆಲಮಟ್ಟಿ ಹಿನ್ನೀರು (ಬೀಳಗಿ)

ಡಾಕ್ಟ್ರೇ, ಸುಮ್ನೆ ಹೆದರಿಸಬೇಡಿ. ನಮ್ಮ ಜರ್ಸಿ ಆಕಳಿಗೆ ಹೋದ ವರ್ಷ ಕೆಚ್ಚಲು ಬಾವು ಆಗಿತ್ತು. ಮುಂದಿನ ಬೆದೆಗೇ ಗಬ್ಬ ನಿಂತಿತು. ಎಲ್ಲದಕ್ಕೂ ಕ್ರಿಮಿ ಕಾರಣ ಅಂದರೆ ಹೇಗೆ?

ನಿವೃತ್ತ ದನದ ಡಾಕ್ಟರ್ (ಅಥಣಿ)

ನಿಮ್ಮ ಆಕಳು ಗಟ್ಟಿಗಿತ್ತಿ, ಸಂತೋಷ. ಬಾವು ಬಂದ ಎಲ್ಲ ದನಕ್ಕೂ ಹೀಗೆ ಆಗುತ್ತದೆ ಅಂತ ನಾನು ಹೇಳಿಲ್ಲ. ಹಾಲಿನಲ್ಲಿ ಗಡ್ಡೆ ಕಾಣಿಸದ ಒಳಬಾವು ಇರುವ ಹಸುಗಳಲ್ಲಿ ನೋಡಿದಾಗ ಸುಮಾರು ಮೂರರಲ್ಲಿ ಒಂದಕ್ಕೆ ಈಸ್ಟ್ರಡಿಯೋಲ್ ಕಡಿಮೆಯಾಗಿ ಅಂಡ ಬಿಡುವುದು ತಡವಾಗಿದೆ. ಉಳಿದ ಎರಡು ಸರಿಯಾಗಿಯೇ ಇದ್ದವು. ನಿಮ್ಮದು ಆ ಎರಡರಲ್ಲಿ ಒಂದು.

ಬಾವು ಬಂದ ಸಮಯವೂ ಮುಖ್ಯ. ಬೆದೆಯ ಹಿಂದುಮುಂದಿನ ದಿನಗಳಲ್ಲಿ ಬಂದರೆ ಹೊಡೆತ ಜಾಸ್ತಿ. ಸೆಮೆನ್ ಹಾಕಿಸಿ ಕೆಲವು ವಾರ ಆದ ಮೇಲೆ ಜೋರು ಬಾವು ಬಂದರೆ ಇನ್ನೊಂದು ರೀತಿ ಕೆಡುತ್ತದೆ. ಆಗ ಎಂಡೋಟಾಕ್ಸಿನ್ ಎಫ್-2-ಆಲ್ಫಾ ಪ್ರೊಸ್ಟಾಗ್ಲಾಂಡಿನ್ ಏರಿಸಿ, ಗರ್ಭ ಹಿಡಿದಿಟ್ಟ ಹಳದಿ ಗಂಟನ್ನೇ ಕರಗಿಸಬಹುದು. ಮೇಲೆ ಹೇಳಿದ್ದಕ್ಕೆ ಇದು ಉಲ್ಟಾ ಅಲ್ವಾ ಅನ್ನಿಸುತ್ತೆ. ಗರ್ಭಕೋಶದಲ್ಲಿ ಹಳೆಯ ಸೋಂಕು ಕೂತರೆ ಗಂಟು ಕರಗುವುದಿಲ್ಲ. ಮೈಗೆಲ್ಲ ಒಮ್ಮೆಲೇ ವಿಷ ಏರಿದರೆ ಕರಗುತ್ತದೆ. ಎರಡೂ ನಡೆಯುವ ಮಾತೇ. ಇ-ಕೋಲೈ ಒಂದೇ ಅಲ್ಲ, ಸ್ಟಫೈಲೊಕಾಕಸ್ ಥರದ ಕ್ರಿಮಿಯಲ್ಲಿ ಎಂಡೋಟಾಕ್ಸಿನ್ ಇಲ್ಲ, ಆದರೂ ಅದು ತಿಂಗಳುಗಟ್ಟಲೆ ಕೆಚ್ಚಲಲ್ಲಿ ಕೂತು ಇದೇ ಕೆಲಸವನ್ನು ನಿಧಾನಕ್ಕೆ ಮಾಡುತ್ತದೆ.

ಘಟಪ್ರಭಾ ದಂಡೆ (ಮುಧೋಳ ತಾಲ್ಲೂಕು)

ಡಾಕ್ಟ್ರೇ, ಬಾಲ ಎತ್ತಿ ನೋಡಿದೆ. ನೀವು ಹೇಳಿದ ಹಾಗೆ ಒಣಗಿದ್ದು ಅಂಟಿದೆ, ಬಿಳಿ ಹಳದಿ. ಬೆಳಿಗ್ಗೆ ಮಲಗಿ ಎದ್ದ ಜಾಗದಲ್ಲೂ ಒಂದಿಷ್ಟು ಬಿದ್ದಿತ್ತು. ಈಗ ಏನು ಮಾಡಲಿ? ಇನ್ನೊಂದು ಹಾರ್ಮೋನ್ ಇಂಜೆಕ್ಷನ್ ಕೊಡಿಸಿದರೆ ಆಗುತ್ತಾ? ಮತ್ತೆ ಮೊದಲು ಸಗಣಿ ಬಗ್ಗೆ ಯಾಕೆ ಕೇಳುತ್ತಿದ್ದಿರಿ? ನಮ್ಮ ಎಮ್ಮೆಯ ಸಗಣಿ ಸ್ವಲ್ಪ ತೆಳ್ಳಗೇ ಇದೆ, ಅದರಲ್ಲಿ ಜೋಳದ ನುಚ್ಚು ಕಾಣುತ್ತದೆ.

ನಿವೃತ್ತ ದನದ ಡಾಕ್ಟರ್ (ಅಥಣಿ)

ಮೊದಲು ಇಂಜೆಕ್ಷನ್ ಮಾತು. ಹೋದ ಸಲ ಕೊಟ್ಟಿದ್ದು ಯಾವುದು? ಬಾಟಲಿ ಅಥವಾ ಚೀಟಿ ಇದ್ದರೆ ಹುಡುಕಿ. ‘ಹಾರ್ಮೋನ್’ ಅಂದರೆ ಒಂದೇ ಔಷಧ ಅಲ್ಲ. ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೆಲಸ ಮಾಡಬೇಕಾದರೆ ಅಂಡಾಶಯದ ಮೇಲೆ ಬಲಿತ ಹಳದಿ ಗಂಟು ಇರಬೇಕು. ಇಲ್ಲದಿದ್ದರೆ ದುಡ್ಡು ದಂಡ. ಜಿಎನ್‌ಆರ್‌ಎಚ್ ಇಂಜೆಕ್ಷನ್‌ಗೆ ಒಡೆಯಲು ಸಿದ್ಧವಾದ ಗುಳ್ಳೆ ಬೇಕು. ಒಳಗೆ ಕೈ ಹಾಕಿಯೋ ಸ್ಕ್ಯಾನ್ ಮಾಡಿಯೋ ನೋಡದೆ, ಕೊಟ್ಟಿಗೆ ಬಾಗಿಲಲ್ಲೇ ನಿಂತು ಸಿರಿಂಜ್ ತುಂಬುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಈ ನಮ್ಮ ಕಡೆ ಅದು ಜಾಸ್ತಿಯಾಗಿದೆ. ರೈತರೂ ಅದನ್ನೇ ಕೇಳುತ್ತಾರೆ, ಅದೂ ನಿಜ.

ಈದು 21 ದಿನ ಆದ ಮೇಲೂ ಕೀವು ಬರುತ್ತಿದ್ದರೆ ಅದು ಗರ್ಭಕೋಶದ ಒಳಪದರದ ಸೋಂಕು. ನಿಮ್ಮ ಎಮ್ಮೆಗೆ ಅದೇ ಇದ್ದ ಹಾಗಿದೆ. ಪರೀಕ್ಷೆ ಮಾಡಿದಾಗ ಗಂಟೂ ಸಿಕ್ಕರೆ, ಆಗ ಪ್ರೊಸ್ಟಾಗ್ಲಾಂಡಿನ್ನೇ ಸರಿಯಾದ ಔಷಧ. ಗಂಟು ಕರಗುತ್ತದೆ, ಬಾಯಿ ತೆರೆಯುತ್ತದೆ, ಈಸ್ಟ್ರಡಿಯೋಲ್ ಏರಿದಾಗ ಗರ್ಭಕೋಶ ತಾನೇ ಕೀವು ಹೊರಗೆ ಹಾಕುತ್ತದೆ. ಆ ಬೆದೆಗೆ ಸೆಮೆನ್ ಹಾಕಿಸಬೇಡಿ, ಬಿಡಿ. ಲೋಳೆ ಮೊಟ್ಟೆಯ ಬಿಳಿಯಷ್ಟು ತಿಳಿ ಆಗಿ ಬಂದ ಬೆದೆಗೆ ಹಾಕಿಸಿ. ಗಬ್ಬ ಇಲ್ಲ ಅಂತ ಖಾತ್ರಿಯಾದ ಮೇಲೇ ಈ ಇಂಜೆಕ್ಷನ್. ಇನ್ನೊಂದು ಮಾತು, ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳು ಅಥವಾ ದಮ್ಮು ಇರುವವರು ಇದ್ದರೆ ಆ ಬಾಟಲಿ, ಸಿರಿಂಜು ಮುಟ್ಟಲು ಬಿಡಬೇಡಿ. ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ.

ಆ ಎಡ ಮೊಲೆಯನ್ನೂ ಬಿಡಬೇಡಿ. ಕರೆಯುವ ಮುಂಚೆ ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಹಿಂಡಿ ನೋಡಿ. ಸಣ್ಣ ಚೂರು ಇದ್ದರೂ ಕಾಣುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಕ್ಯಾಲಿಫೋರ್ನಿಯಾ ಪರೀಕ್ಷೆ ಇದೆ. ಹಾಲಿಗೆ ಅದರ ದ್ರಾವಣ ಬೆರೆಸಿ ತಿರುಗಿಸಿದರೆ, ಬಾವಿದ್ದ ಮೊಲೆಯ ಹಾಲು ಲೋಳೆ ಲೋಳೆಯಾಗಿ ಗಟ್ಟಿಯಾಗುತ್ತದೆ. ಅದು ಗಟ್ಟಿಯಾದರೆ ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಕ್ರಿಮಿ, ಯಾವ ಔಷಧಕ್ಕೆ ಸಾಯುತ್ತದೆ ಅಂತ ತಿಳಿದುಕೊಂಡೇ ಆ್ಯಂಟಿಬಯಾಟಿಕ್ ಹಾಕಿಸಿ. ಔಷಧ ನಡೆಯುವಾಗಿನ ಹಾಲನ್ನು ಡೈರಿಗೆ ಹಾಕಬೇಡಿ. ಕರೆದ ಮೇಲೆ ಮೊಲೆ ತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಒಂದಿಷ್ಟು ಕಣಿಕೆ ಹಾಕಿ. ತಿನ್ನುತ್ತಾ ಅರ್ಧ ಗಂಟೆ ನಿಂತಿರಲಿ. ತೂತು ಮುಚ್ಚಿಕೊಳ್ಳುವ ಮುಂಚೆ ಸಗಣಿಯಲ್ಲಿ ಮಲಗಿದರೆ ಮತ್ತೆ ಅದೇ ಪಾಡು.

ಈಗ ಸಗಣಿ. ನೀವು ಬರೆದ ಆ ಒಂದು ಸಾಲು ನೋಡಿ ನನಗೆ ಅನುಮಾನ ಜಾಸ್ತಿಯಾಯಿತು. ಎಂಡೋಟಾಕ್ಸಿನ್ ಹೊರಗಿಂದಲೇ ಬರಬೇಕು ಅಂತ ಇಲ್ಲ. ದನದ ದೊಡ್ಡ ಹೊಟ್ಟೆಯಲ್ಲೇ ಈ ಜಾತಿ ಕ್ರಿಮಿಗಳು ಕೋಟಿಗಟ್ಟಲೆ ಇವೆ, ಅವು ಒಳ್ಳೆಯವೇ. ನೀವು ಗೋವಿನಜೋಳದ ಹಿಟ್ಟನ್ನು ಒಂದೇ ಹೊತ್ತಿಗೆ ಬುಟ್ಟಿಗಟ್ಟಲೆ ಹಾಕಿದಾಗ ಹೊಟ್ಟೆ ಹುಳಿಯಾಗುತ್ತದೆ. ಪಿಎಚ್ 5.5ರ ಆಸುಪಾಸಿಗೆ ಇಳಿದು ಗಂಟೆಗಟ್ಟಲೆ ಅಲ್ಲೇ ನಿಂತರೆ ಆ ಕ್ರಿಮಿಗಳು ಸತ್ತು ಒಡೆಯುತ್ತವೆ. ಹೊಟ್ಟೆಯ ಗೋಡೆಯೂ ಹುಳಿಯಿಂದ ಸವೆದಿರುತ್ತದೆ. ವಿಷ ರಕ್ತಕ್ಕೆ ಇಳಿಯಲು ದಾರಿ ಸಿಕ್ಕಿತು. ಕೆಚ್ಚಲು ಬಾವಿಲ್ಲ, ಕೀವಿಲ್ಲ, ಜ್ವರವೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತಿರುತ್ತದೆ. ತೆಳ್ಳಗಿನ ಸಗಣಿ, ಅದರಲ್ಲಿ ಜೀರ್ಣವಾಗದ ನುಚ್ಚು, ನೊರೆಗುಳ್ಳೆ, ಹಾಲಿನಲ್ಲಿ ಕೊಬ್ಬು ಇಳಿಯುವುದು, ಗೊರಸು ನೋವು ಇವೇ ಗುರುತು. ಡೈರಿ ಚೀಟಿಯಲ್ಲಿ ಕೊಬ್ಬಿನ ಅಂಕಿ ಇಳಿದಿದೆಯಾ ನೋಡಿ.

ಹಿಟ್ಟನ್ನು ಪೂರ್ತಿ ನಿಲ್ಲಿಸಬೇಡಿ, ಹಾಲು ಒಮ್ಮೆಲೇ ಬೀಳುತ್ತದೆ. ದಿನದ ಪಾಲನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ. ಮೊದಲು ಬಿಳಿಜೋಳದ ಕಣಿಕೆ, ಆಮೇಲೆ ಹಿಟ್ಟು. ಹಿಟ್ಟನ್ನು ಕಡಿಮೆ ಮಾಡುವುದನ್ನೂ ಎರಡು ವಾರದಲ್ಲಿ ನಿಧಾನಕ್ಕೆ ಮಾಡಿ, ಸ್ವಲ್ಪ ಭಾಗವನ್ನು ಶೇಂಗಾ ಹಿಂಡಿಗೆ ಬದಲಾಯಿಸಿ. ಹಿಂಡಿ ಬೂಷ್ಟು ಹಿಡಿದಿರಬಾರದು. ಸೋಗೆ ಬಿಟ್ಟಿ ಸಿಗುತ್ತದೆ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಬರಿ ಸೋಗೆ ತಿಂದ ಎಮ್ಮೆಯಿಂದ ಬೆದೆ ನಿರೀಕ್ಷಿಸುವುದು ಕಷ್ಟ. ಖನಿಜ ಮಿಶ್ರಣದ ಬಗ್ಗೆ ಚಿಕ್ಕೋಡಿಯವರು ಹೇಳಿದ್ದು ಸರಿ.

ಇದೆಲ್ಲ ಬೇಗ ಆಗಬೇಕು. ಶಿವರಾತ್ರಿ ಕಳೆದರೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಬಿಸಿಲು ಏರುತ್ತದೆ. ಬಿಸಿಲಿಗೆ ಎಮ್ಮೆಯ ಬೆದೆ ಇನ್ನೂ ಮೌನವಾಗುತ್ತದೆ. ಮೈ ಕಾದಾಗ ಕರುಳಿನ ಗೋಡೆಯೂ ಸಡಿಲವಾಗಿ ಇದೇ ವಿಷ ಸೋರುತ್ತದೆ. ಊರ ಹತ್ತಿರ ಡಾಕ್ಟರ್ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಸ್ಪತ್ರೆ ವಾಹನ ಬರುತ್ತದೆ.

ಮುಂದಿನ ಸೂಲಿಗೆ ಹೇಳಿಟ್ಟಿರುತ್ತೇನೆ. ಈದ ಮೇಲೆ 12 ಗಂಟೆ ಕಳೆದರೂ ಮಾಸು ಬೀಳದಿದ್ದರೆ, ನೇತಾಡುವ ಭಾಗ ನೆಲಕ್ಕೆ ತಾಕದಷ್ಟು ಕತ್ತರಿಸಿ ಬಿಡಿ. ಕಲ್ಲು ಕಟ್ಟುವುದು, ಹಳೆ ಚಪ್ಪಲಿ ಕಟ್ಟಿ ಜಗ್ಗಿಸುವುದು ಬೇಡ. ದಿನಾ ಎರಡು ಹೊತ್ತು ಥರ್ಮಾಮೀಟರ್ ಇಡಿ. ಜ್ವರ 103 ದಾಟಿದರೆ ಅಥವಾ ಮೇವು ಬಿಟ್ಟರೆ ಡಾಕ್ಟರನ್ನು ಕರೆಯಿರಿ. ಜ್ವರಕ್ಕೆ, ಬಾವಿಗೆ ಮೆಲಾಕ್ಸಿಕ್ಯಾಮ್ ಕೊಡುತ್ತಾರೆ. ಉರಿಯೂತ ಬೇಗ ಇಳಿದರೆ ಮುಂದಿನ ಗಬ್ಬಕ್ಕೂ ಒಳ್ಳೆಯದು. ಯಾರಾದರೂ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚಲು ಬಂದರೆ ಬೇಡ ಅನ್ನಿ. ದನಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧ ಇದ್ದ ದನದ ಹೆಣ ತಿಂದೇ ರಣಹದ್ದುಗಳು ನಾಶವಾದವು. ನಾನು ಹುಡುಗನಿದ್ದಾಗ ಅಥಣಿ ಹೊರಗೆ ಸತ್ತ ಎತ್ತಿನ ಸುತ್ತ ಅವು ಸಾಲಾಗಿ ಕೂತಿರುತ್ತಿದ್ದವು. ಇರಲಿ, ಅದು ಬೇರೆ ವಿಷಯ.

ಕಂಬಳಿ ಕುರಿ (ಸಿಂದಗಿ)

ನಾನು ಕುರಿ ಸಾಕುವವನು. ಇದನ್ನೆಲ್ಲ ಓದುತ್ತಾ ನನಗೆ ನಮ್ಮ ಟಗರು ನೆನಪಾಯಿತು. ಹಿಂಗಾರು ಮಳೆಯಲ್ಲಿ ಕಾಲ್ಗೊರಸು ಕೊಳೆತು ಜ್ವರ ಬಂದಿತ್ತು. ಈಗ ಚೆನ್ನಾಗಿ ನಡೆಯುತ್ತದೆ, ಕುರಿಗಳ ಮೇಲೆ ಹಾರುತ್ತದೆ ಕೂಡ. ಆದರೆ ಕುರಿಗಳು ತಿರುಗಿ ತಿರುಗಿ ಬೆದೆಗೆ ಬರುತ್ತಿವೆ. ಗಂಡಿಗೂ ಈ ವಿಷ ತಾಕುತ್ತಾ?

ನಿವೃತ್ತ ದನದ ಡಾಕ್ಟರ್ (ಅಥಣಿ)

ತಾಕುತ್ತದೆ. ಗಂಡಿನಲ್ಲೂ ಎಲ್‌ಎಚ್ ಬೇಕು, ವೃಷಣದ ಲೇಡಿಗ್ ಜೀವಕೋಶಗಳಿಂದ ಟೆಸ್ಟೊಸ್ಟೆರಾನ್ ಬರಿಸುವುದು ಅದೇ. ಉರಿಯೂತದಲ್ಲಿ ಎಲ್‌ಎಚ್ ಇಳಿಯುತ್ತದೆ. ಜೊತೆಗೆ ಲೇಡಿಗ್ ಜೀವಕೋಶದೊಳಗೆ ಕೊಲೆಸ್ಟ್ರಾಲ್ ಸಾಗಿಸುವ ಸ್ಟಾರ್ ಅನ್ನುವ ಪ್ರೋಟೀನನ್ನೂ ಎಂಡೋಟಾಕ್ಸಿನ್ ಕುಗ್ಗಿಸುತ್ತದೆ. ಕಚ್ಚಾ ಮಾಲೇ ಬರದಿದ್ದರೆ ಹಾರ್ಮೋನ್ ಎಲ್ಲಿಂದ ಬರಬೇಕು? ಇದು ರೋಗ ವಾಸಿಯಾದ ಮೇಲೆ ಬೇಗ ಸುಧಾರಿಸುತ್ತದೆ, ಅದಕ್ಕೇ ನಿಮ್ಮ ಟಗರು ಹಾರುತ್ತಿದೆ. ವೀರ್ಯಾಣು ಮಾತ್ರ ಅಷ್ಟು ಬೇಗ ಸರಿಹೋಗಲ್ಲ. ಜ್ವರದ ಕಾವಿಗೆ ಬೆಳೆಯುತ್ತಿದ್ದ ವೀರ್ಯಾಣು ಹಾಳಾಗಿರುತ್ತದೆ. ಟಗರಿನಲ್ಲಿ ಹೊಸದು ತಯಾರಾಗಲು ಸುಮಾರು ಏಳು ವಾರ, ನಾಳ ದಾಟಿ ಹೊರಗೆ ಬರಲು ಇನ್ನೂ ಎರಡು ವಾರ ಹಿಡಿಯುತ್ತದೆ. ಹೋರಿಯಲ್ಲಾದರೆ ತಯಾರಾಗಲಿಕ್ಕೇ 61 ದಿನ.

ಒಂದು ಕೆಲಸ ಮಾಡಿ. ಟಗರನ್ನು ಕೂರಿಸಿ ಎರಡೂ ವೃಷಣ ಕೈಯಲ್ಲಿ ಹಿಡಿದು ನೋಡಿ. ಒಂದೇ ಸಮ, ಗಟ್ಟಿ, ಆದರೆ ಪುಟಿಯುವಂತೆ ಇರಬೇಕು. ಒಂದು ಊದಿ ಕಲ್ಲಾಗಿದ್ದರೆ ಅಥವಾ ವೃಷಣದ ಕೆಳತುದಿಯ ನಾಳದಲ್ಲಿ ಗಂಟು ಸಿಕ್ಕರೆ ಗೊರಸಿನ ಮೇಲೆ ದೂರು ಹಾಕಬೇಡಿ. ಬ್ರುಸೆಲ್ಲಾ ಅನ್ನುವ ಕ್ರಿಮಿಯ ಸೋಂಕು ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ. ಮಂದೆಯಲ್ಲಿ ಕುರಿ ಕಂದು ಹಾಕಿದ್ದರೆ ಅದಕ್ಕೂ ಮಾಡಿಸಿ, ಬರಿಗೈಯಲ್ಲಿ ಆ ಕಂದು, ಮಾಸು ಮುಟ್ಟಬೇಡಿ, ಮನುಷ್ಯರಿಗೂ ಬರುವ ರೋಗ ಅದು. ವೃಷಣ ಎರಡೂ ಸರಿಯಿದ್ದರೆ ಈ ಹಂಗಾಮಿಗೆ ಅಕ್ಕಪಕ್ಕದ ಮಂದೆಯಿಂದ ಇನ್ನೊಂದು ಟಗರು ತನ್ನಿ. ಅದಕ್ಕೂ ಅದೇ ರಕ್ತ ಪರೀಕ್ಷೆ ಮಾಡಿಸಿಯೇ ಬಿಡಿ. ನಿಮ್ಮದನ್ನು ಮಾರಬೇಡಿ. ಜ್ವರ ಬಿಟ್ಟ ದಿನದಿಂದ ಎರಡೂವರೆ ತಿಂಗಳು ಆಗಲಿ, ವೀರ್ಯ ಪರೀಕ್ಷೆ ಮಾಡಿಸಿ ಆಮೇಲೆ ನೋಡೋಣ.

ಘಟಪ್ರಭಾ ದಂಡೆ (ಮುಧೋಳ ತಾಲ್ಲೂಕು)

ಡಾಕ್ಟ್ರೇ, ಡೈರಿ ಚೀಟಿ ತೆಗೆದು ನೋಡಿದೆ. ದಸರಾ ಹೊತ್ತಿಗೆ ಕೊಬ್ಬು 7ರ ಮೇಲಿತ್ತು, ಈಗ 6 ಮುಟ್ಟುತ್ತಿಲ್ಲ. ಬೇಸಿಗೆಯಲ್ಲಿ ಹಾಲು ಜಾಸ್ತಿ ತೆಳು ಆಗುತ್ತೆ ಅಂತ ಕೇಳಿದ್ದೆ, ಇದು ಚಳಿಗಾಲ. ನಾಳೆ 1962ಕ್ಕೆ ಫೋನ್ ಮಾಡುತ್ತೇನೆ. ಹಳೆ ಇಂಜೆಕ್ಷನ್ ಬಾಟಲಿಯೂ ಗೋದಲಿ ಮೇಲೆ ಸಿಕ್ಕಿದೆ, ಹೆಸರು ಅಳಿಸಿದೆ, ಬಂದವರಿಗೇ ತೋರಿಸುತ್ತೇನೆ.